ನಗರ ಸ್ಥಳೀಯ ಸಂಸ್ಥೆಗಳ ವಾರ್ಡ್ ಪುನರ್ವಿಂಗಡಣೆ ಮತ್ತು ಕೌನ್ಸಿಲರ್ ಸ್ಥಾನಗಳ ನಿಗದಿ: ಸಾರ್ವಜನಿಕರ ಮಾಹಿತಿಗಾಗಿ

ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ವ್ಯಾಪ್ತಿಯಲ್ಲಿ ವಾಸಿಸುವ ಪ್ರತಿಯೊಬ್ಬ ಮತದಾರನೂ ಒಂದು ವಾರ್ಡಿಗೆ ಸೇರಿರುತ್ತಾನೆ. ಆ ವಾರ್ಡಿನಿಂದ ಆಯ್ಕೆಯಾದ ಕೌನ್ಸಿಲರ್ ಆತನ ಬೀದಿಯ ದೀಪ, ಚರಂಡಿ, ಕುಡಿಯುವ ನೀರು, ಕಸ ವಿಲೇವಾರಿ ಮೊದಲಾದ ವಿಷಯಗಳನ್ನು ಸಭೆಯ ಮುಂದಿಡುತ್ತಾರೆ. ಜನಸಂಖ್ಯೆ ಬೆಳೆದಾಗ, ಹೊಸ ಪ್ರದೇಶಗಳು ಸೇರ್ಪಡೆಯಾದಾಗ ಅಥವಾ ಸಂಸ್ಥೆಯೇ ಮೇಲ್ದರ್ಜೆಗೇರಿದಾಗ ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸಬೇಕಾಗುತ್ತದೆ. ಇದಕ್ಕೆ ವಾರ್ಡ್ ಪುನರ್ವಿಂಗಡಣೆ ಎಂದು ಹೆಸರು. ಇದು ಹೇಗೆ ನಡೆಯುತ್ತದೆ, ಯಾವ ಹಂತದಲ್ಲಿ ನಾಗರಿಕರು ಆಕ್ಷೇಪಣೆ ಸಲ್ಲಿಸಬಹುದು ಮತ್ತು ಗಡಿ ಬದಲಾದ ನಂತರ ತಮ್ಮ ದಾಖಲೆಗಳಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಆಧಾರ

ಸಂವಿಧಾನದ 74ನೇ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿತು. ಸದರಿ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 243ಆರ್ ಅನುಚ್ಛೇದದ ಪ್ರಕಾರ ಪೌರಸಂಸ್ಥೆಯ ಪ್ರದೇಶವನ್ನು ವಾರ್ಡುಗಳೆಂಬ ಪ್ರಾದೇಶಿಕ ಕ್ಷೇತ್ರಗಳಾಗಿ ವಿಂಗಡಿಸಿ, ನೇರ ಚುನಾವಣೆಯ ಮೂಲಕ ಸ್ಥಾನಗಳನ್ನು ಭರ್ತಿ ಮಾಡತಕ್ಕದ್ದು. 243ಟಿ ಅನುಚ್ಛೇದವು ಮೀಸಲಾತಿಯನ್ನೂ, 243ಯು ಅನುಚ್ಛೇದವು ಐದು ವರ್ಷಗಳ ಅವಧಿಯನ್ನೂ ನಿಗದಿಪಡಿಸುತ್ತವೆ. ಚುನಾವಣೆ ನಡೆಸುವ ಹೊಣೆ ರಾಜ್ಯ ಚುನಾವಣಾ ಆಯೋಗದ್ದು.

ಕರ್ನಾಟಕದಲ್ಲಿ ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಿಗೆ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964 ಅನ್ವಯಿಸುತ್ತದೆ. ಮಹಾನಗರ ಪಾಲಿಕೆಗಳಿಗೆ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976 ಅನ್ವಯಿಸುತ್ತದೆ. ಬೆಂಗಳೂರಿಗೆ ಮಾತ್ರ 2021ರ ಜನವರಿಯಿಂದ ಪ್ರತ್ಯೇಕ ಅಧಿನಿಯಮವಿದ್ದು, 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಜಾರಿಯಲ್ಲಿದೆ.

ವಿಂಗಡಣೆಯ ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರ. ಚುನಾವಣೆ ನಡೆಸುವುದು ಆಯೋಗ. ಗಡಿಯ ಕುರಿತ ಅಹವಾಲನ್ನು ಆಯೋಗಕ್ಕೂ, ಮತದಾರರ ಪಟ್ಟಿಯ ಕುರಿತ ಅಹವಾಲನ್ನು ನಗರಾಭಿವೃದ್ಧಿ ಇಲಾಖೆಗೂ ಕಳುಹಿಸಿ ದಿನಗಳನ್ನು ಕಳೆದುಕೊಳ್ಳುವ ಸಂದರ್ಭಗಳು ಉಂಟು. ಆದ್ದರಿಂದ ಈ ವ್ಯತ್ಯಾಸವನ್ನು ಮೊದಲೇ ಗಮನದಲ್ಲಿಟ್ಟುಕೊಳ್ಳುವುದು ಒಳಿತು.

ಎಷ್ಟು ಜನಸಂಖ್ಯೆಗೆ ಎಷ್ಟು ಕೌನ್ಸಿಲರುಗಳು

ಸ್ಥಾನಗಳ ಸಂಖ್ಯೆಯು ಜನಸಂಖ್ಯೆಯನ್ನು ಅವಲಂಬಿಸಿರುತ್ತದೆ. ಪಟ್ಟಣ ಪಂಚಾಯಿತಿಗಳಲ್ಲಿ ಹನ್ನೊಂದಕ್ಕೆ ಕಡಿಮೆಯಿಲ್ಲದಂತೆ, ಇಪ್ಪತ್ತಕ್ಕೆ ಹೆಚ್ಚಿಲ್ಲದಂತೆ ಕೌನ್ಸಿಲರುಗಳಿರುತ್ತಾರೆ. 20,000ದಿಂದ 40,000 ಜನಸಂಖ್ಯೆಯ ಪುರಸಭೆಗೆ 23, ಅದಕ್ಕೂ ಹೆಚ್ಚು ಜನಸಂಖ್ಯೆಯ ಪುರಸಭೆಗೆ 27 ಸ್ಥಾನಗಳು. 50,000ದಿಂದ ಒಂದು ಲಕ್ಷದವರೆಗಿನ ನಗರಸಭೆಗೆ 31, ಒಂದು ಲಕ್ಷ ಮೀರಿದ ನಗರಸಭೆಗೆ 35. ರಾಮನಗರ, ಚನ್ನಪಟ್ಟಣಗಳಲ್ಲಿ 31 ವಾರ್ಡುಗಳೂ, ಮಂಡ್ಯ, ಚಿಕ್ಕಮಗಳೂರುಗಳಲ್ಲಿ 35 ವಾರ್ಡುಗಳೂ ಇರುವುದು ಈ ಲೆಕ್ಕದಿಂದಲೇ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳು ಇತರ ಷರತ್ತುಗಳನ್ನೂ ಪೂರೈಸಿದಲ್ಲಿ ಮಹಾನಗರ ಪಾಲಿಕೆಗಳಾಗುತ್ತವೆ. ಪಾಲಿಕೆಗಳಿಗೆ ಒಂದೇ ನಿಗದಿತ ಸಂಖ್ಯೆಯಿಲ್ಲ. ಅಧಿನಿಯಮದ ಮಿತಿಯೊಳಗೆ ಸರ್ಕಾರವು ಪ್ರತಿ ನಗರಕ್ಕೂ ಪ್ರತ್ಯೇಕವಾಗಿ ನಿಗದಿಪಡಿಸುತ್ತದೆ. ಮೈಸೂರಿನಲ್ಲಿ 65, ಮಂಗಳೂರಿನಲ್ಲಿ 60, ಬೆಳಗಾವಿಯಲ್ಲಿ 58, ಕಲಬುರಗಿಯಲ್ಲಿ 55 ವಾರ್ಡುಗಳನ್ನು ರಚಿಸಲಾಗಿದೆ.

ಹುಬ್ಬಳ್ಳಿ-ಧಾರವಾಡದ ಉದಾಹರಣೆಯನ್ನು ನೋಡಬಹುದು. 2021ರ ಚುನಾವಣೆಗೆ ಮುನ್ನ ಅಲ್ಲಿನ ವಾರ್ಡುಗಳ ಸಂಖ್ಯೆಯನ್ನು 67ರಿಂದ 82ಕ್ಕೆ ಏರಿಸಲಾಯಿತು. 2011ರ ಜನಗಣತಿಯಂತೆ ಅವಳಿ ನಗರದ ಜನಸಂಖ್ಯೆ ಸುಮಾರು 9.43 ಲಕ್ಷ. ಅಂದರೆ ಒಬ್ಬ ಕೌನ್ಸಿಲರ್ ಪ್ರತಿನಿಧಿಸುವ ಸರಾಸರಿ ಜನಸಂಖ್ಯೆಯು ಸುಮಾರು 14,000ದಿಂದ 11,500ಕ್ಕೆ ಇಳಿಯಿತು. ನಗರದ ವಿಸ್ತೀರ್ಣವಾಗಲಿ ಲೆಕ್ಕಕ್ಕೆ ತೆಗೆದುಕೊಂಡ ಜನಸಂಖ್ಯೆಯಾಗಲಿ ಇದರಿಂದ ಬದಲಾಗಲಿಲ್ಲ.

ಚುನಾಯಿತ ಕೌನ್ಸಿಲರುಗಳಲ್ಲದೆ ಪೌರಾಡಳಿತದಲ್ಲಿ ಅನುಭವವುಳ್ಳ ಕೆಲವರನ್ನು ಸರ್ಕಾರವು ನಾಮನಿರ್ದೇಶನ ಮಾಡಬಹುದು. ಸಭೆಯಲ್ಲಿ ಇವರಿಗೆ ಮತದಾನದ ಹಕ್ಕಿಲ್ಲ. ಆ ಪ್ರದೇಶವನ್ನು ಪ್ರತಿನಿಧಿಸುವ ಶಾಸಕರು ಮತ್ತು ಸಂಸದರೂ ಸದಸ್ಯರಾಗಿರುತ್ತಾರೆ. ಇವರಾರೂ ವಾರ್ಡುಗಳ ಲೆಕ್ಕಕ್ಕೆ ಬರುವುದಿಲ್ಲ.

ಯಾವ ಜನಸಂಖ್ಯೆ

ಪುನರ್ವಿಂಗಡಣೆಯ ಕುರಿತು ಬಹುತೇಕ ತಪ್ಪು ಗ್ರಹಿಕೆಗಳು ಈ ಪ್ರಶ್ನೆಯಿಂದಲೇ ಹುಟ್ಟುತ್ತವೆ. ಸಂವಿಧಾನದ 243ಪಿ ಅನುಚ್ಛೇದದ ಪ್ರಕಾರ 'ಜನಸಂಖ್ಯೆ' ಎಂದರೆ ಅಂಕಿಅಂಶಗಳು ಪ್ರಕಟವಾಗಿರುವ ಕಳೆದ ಜನಗಣತಿಯಲ್ಲಿ ಕಂಡುಬಂದ ಜನಸಂಖ್ಯೆ. ಮತದಾರರ ಸಂಖ್ಯೆಯಾಗಲಿ, ಪಡಿತರ ಚೀಟಿಗಳಾಗಲಿ, ಆಸ್ತಿಗಳ ಖಾತೆಗಳಾಗಲಿ ಇದಕ್ಕೆ ಆಧಾರವಲ್ಲ. 2021ರ ಜನಗಣತಿಯು ಮುಂದೂಡಲ್ಪಟ್ಟ ಕಾರಣ, ಆ ವರ್ಷದ ನಂತರ ನಡೆದ ವಿಂಗಡಣೆಗಳೂ 2011ರ ಅಂಕಿಅಂಶಗಳನ್ನೇ ಆಧರಿಸಬೇಕಾಯಿತು. ಹತ್ತು ವರ್ಷಗಳಲ್ಲಿ ಇಮ್ಮಡಿಯಾದ ಬಡಾವಣೆಯೂ ಕಾನೂನಿನ ದೃಷ್ಟಿಯಲ್ಲಿ 2011ರಲ್ಲಿ ಎಷ್ಟಿತ್ತೋ ಅಷ್ಟೇ ಇರುತ್ತದೆ. ಇದು ಅನ್ಯಾಯವೆಂದು ತೋರುವುದು ಸಹಜ. ಆದರೆ ಎಲ್ಲ ವಾರ್ಡುಗಳಿಗೂ ಒಂದೇ ದಿನಾಂಕದ, ಒಂದೇ ವಿಧಾನದ ಎಣಿಕೆಯನ್ನು ಬಳಸದಿದ್ದಲ್ಲಿ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಜನಗಣತಿಯ ಅತಿ ಚಿಕ್ಕ ಘಟಕವೆಂದರೆ ಗಣತಿ ಬ್ಲಾಕ್. ಒಬ್ಬ ಗಣತಿದಾರರು ಎಣಿಕೆ ಮಾಡುವ ಪ್ರದೇಶವಿದು. ಸಾಮಾನ್ಯವಾಗಿ ಆರುನೂರರ ಆಸುಪಾಸಿನ ಜನಸಂಖ್ಯೆ ಇರುತ್ತದೆ. ಪ್ರಕಟಿತ ಸಂಖ್ಯೆಗಳು ಲಭ್ಯವಿರುವುದು ಬ್ಲಾಕಿನ ಮಟ್ಟದವರೆಗೆ ಮಾತ್ರ. ಹೀಗಾಗಿ ವಾರ್ಡುಗಳನ್ನು ಬ್ಲಾಕುಗಳನ್ನು ಜೋಡಿಸಿಯೇ ರಚಿಸಲಾಗುತ್ತದೆ. ಒಂದೇ ಬೀದಿಯ ಎಡಬದಿ ಒಂದು ವಾರ್ಡಿಗೂ ಬಲಬದಿ ಮತ್ತೊಂದು ವಾರ್ಡಿಗೂ ಸೇರಿದ್ದರೆ, ಬ್ಲಾಕಿನ ಗಡಿ ಆ ಬೀದಿಯ ನಡುವೆ ಹಾದುಹೋಗಿರುವುದೇ ಬಹುಮಟ್ಟಿಗೆ ಕಾರಣ.

ಲೆಕ್ಕವನ್ನು ಒಂದು ಕಲ್ಪಿತ ನಗರಸಭೆಯ ಮೂಲಕ ತಿಳಿಯೋಣ. ಜನಸಂಖ್ಯೆ 93,000, ಆದ್ದರಿಂದ 31 ಸ್ಥಾನಗಳು. ಸರಾಸರಿ ವಾರ್ಡಿನ ಜನಸಂಖ್ಯೆ 3,000. ಎಲ್ಲ ವಾರ್ಡುಗಳೂ ಕರಾರುವಾಕ್ಕಾಗಿ 3,000 ಇರುವುದು ಅಸಾಧ್ಯವಾದ್ದರಿಂದ ಸಾಧ್ಯವಾದಮಟ್ಟಿಗೆ ಸಮಾನವಾಗಿರಬೇಕೆಂಬುದು ನಿಯಮ. ಮಾರ್ಗಸೂಚಿಯಲ್ಲಿ ಶೇ. 10ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ ಎಂದಿಟ್ಟುಕೊಂಡರೆ, ಪ್ರತಿ ವಾರ್ಡೂ 2,700 ಮತ್ತು 3,300ರ ನಡುವೆ ಇರಬೇಕು. ಅಂದರೆ ವಾರ್ಡೊಂದಕ್ಕೆ ಸುಮಾರು ಐದು ಬ್ಲಾಕುಗಳು. ಬ್ಲಾಕುಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು. ನಡುವೆ ಬೇರೆ ವಾರ್ಡನ್ನು ದಾಟಿ ಹೋಗುವ ತುಂಡುಗಳಿರಬಾರದು. ರೈಲು ಹಳಿ, ಹೆದ್ದಾರಿ, ರಾಜಕಾಲುವೆ, ಕೆರೆ ಮೊದಲಾದವುಗಳನ್ನು ಸಾಧ್ಯವಿದ್ದಲ್ಲಿ ಗಡಿಗಳಾಗಿ ಇಟ್ಟುಕೊಳ್ಳುವುದು ರೂಢಿ.

ಬೆಂಗಳೂರಿನ ಅನುಭವ

ವಿಂಗಡಣೆಯು ಕೇವಲ ನಕ್ಷೆಯ ಕೆಲಸವಲ್ಲವೆಂಬುದಕ್ಕೆ ರಾಜಧಾನಿಯ ಇತಿಹಾಸವೇ ಸಾಕ್ಷಿ. 1949ರಲ್ಲಿ ಬೆಂಗಳೂರು ನಗರ ಮತ್ತು ದಂಡು ಪ್ರದೇಶಗಳನ್ನು ಒಂದುಗೂಡಿಸಿ ಪಾಲಿಕೆ ರಚಿಸಿದಾಗ 50 ವಿಭಾಗಗಳಿಂದ 70 ಮಂದಿ ಚುನಾಯಿತ ಸದಸ್ಯರಿದ್ದರು. ಎಂದರೆ ಕೆಲವು ವಿಭಾಗಗಳಿಗೆ ಒಬ್ಬರಿಗಿಂತ ಹೆಚ್ಚು ಪ್ರತಿನಿಧಿಗಳಿದ್ದರು. ಒಂದು ವಾರ್ಡಿಗೆ ಒಬ್ಬರೇ ಕೌನ್ಸಿಲರ್ ಎಂಬ ಈಗಿನ ವ್ಯವಸ್ಥೆ ಆಮೇಲಿನದು. ಮುಂದೆ ವಾರ್ಡುಗಳ ಸಂಖ್ಯೆ 87ಕ್ಕೂ, 1990ರ ದಶಕದ ಮಧ್ಯದಲ್ಲಿ 100ಕ್ಕೂ ಏರಿತು.

2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಗ್ರಾಮಗಳು ಸೇರ್ಪಡೆಯಾಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಹೊಸ ವ್ಯಾಪ್ತಿಗೆ 198 ವಾರ್ಡುಗಳನ್ನು ಗುರುತಿಸಲಾಯಿತು. ಹಿಂದಿನ ಪಾಲಿಕೆಯ ಅವಧಿ 2006ರ ನವೆಂಬರಿನಲ್ಲಿ ಮುಗಿದಿದ್ದರೂ ಮತದಾನ ನಡೆದದ್ದು 2010ರ ಮಾರ್ಚ್ 28ರಂದು. ಈ ನಡುವಿನ ಮೂರು ವರ್ಷಗಳಿಗೂ ಹೆಚ್ಚು ಕಾಲ ನಗರಕ್ಕೆ ಕೌನ್ಸಿಲರುಗಳೇ ಇರಲಿಲ್ಲ.

2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 84.43 ಲಕ್ಷವೆಂದು ಕಂಡುಬಂದಿತು. 198 ವಾರ್ಡುಗಳಿಗೆ ಹಂಚಿದರೆ ಸರಾಸರಿ ಸುಮಾರು 42,600. ಆದರೆ ಹೊರವಲಯದ ಹೊರಮಾವು ವಾರ್ಡಿನಲ್ಲಿ ಸುಮಾರು 95,000 ಜನರಿದ್ದರು. ಅಲ್ಲಿನ ನಿವಾಸಿಯ ಒಂದು ಮತದ ತೂಕವು ಸರಾಸರಿ ವಾರ್ಡಿನ ನಿವಾಸಿಯ ಮತದ ಅರ್ಧಕ್ಕೂ ಕಡಿಮೆಯಾಗಿತ್ತು. ಹೊಸ ಬಡಾವಣೆಗಳಲ್ಲಿ ರಸ್ತೆ, ಒಳಚರಂಡಿಗಳ ಬೇಡಿಕೆ ಹೆಚ್ಚಿದ್ದರೂ ಸಭೆಯಲ್ಲಿ ಕೇಳುವ ದನಿ ಒಂದೇ. ಇಷ್ಟಾದರೂ 2015ರ ಆಗಸ್ಟ್ ಚುನಾವಣೆಯು ಅದೇ 198 ವಾರ್ಡುಗಳಿಗೆ ನಡೆಯಿತು.

ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಹೊಸ ಅಧಿನಿಯಮದಲ್ಲಿ ಸ್ಥಾನಗಳು 243 ಎಂದಾದವು. 2020ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು 198 ವಾರ್ಡುಗಳಿಗೇ ಚುನಾವಣೆ ನಡೆಸುವಂತೆ ಆದೇಶಿಸಿತಾದರೂ ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿತು. 2022ರ ಮೇ ತಿಂಗಳಲ್ಲಿ ವಿಂಗಡಣೆಯನ್ನು ಎಂಟು ವಾರಗಳಲ್ಲಿ ಮುಗಿಸುವಂತೆ ಸರ್ವೋಚ್ಚ ನ್ಯಾಯಾಲಯ ಸೂಚಿಸಿತು. ಜುಲೈನಲ್ಲಿ 243 ವಾರ್ಡುಗಳ ಅಂತಿಮ ಅಧಿಸೂಚನೆ ಹೊರಬಿದ್ದಿತು. 2023ರ ಸೆಪ್ಟೆಂಬರಿನಲ್ಲಿ ಅದರ ಬದಲಿಗೆ 225 ವಾರ್ಡುಗಳ ಅಧಿಸೂಚನೆ ಬಂದಿತು. 2025ರ ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆಯ ಬದಲು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಕರಡಿನಲ್ಲಿ ಒಟ್ಟು 368 ವಾರ್ಡುಗಳನ್ನು ಪ್ರಸ್ತಾಪಿಸಲಾಗಿತ್ತು. ಆಕ್ಷೇಪಣೆಗಳ ಪರಿಶೀಲನೆಯ ನಂತರ ನವೆಂಬರಿನಲ್ಲಿ 369 ವಾರ್ಡುಗಳು ಅಂತಿಮವಾದವು. ಐದು ವರ್ಷಗಳಲ್ಲಿ ಮೂರು ಬಾರಿ ಗಡಿ ಬದಲಾಯಿತು; ಆ ಅವಧಿಯಲ್ಲಿ ಒಮ್ಮೆಯೂ ಮತದಾನವಾಗಲಿಲ್ಲ.

ವಿಂಗಡಣೆ ಬಾಕಿಯಿದೆ ಎಂಬ ಕಾರಣಕ್ಕೆ ಚುನಾವಣೆಯನ್ನು ಮುಂದೂಡಬಹುದೆ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿಯೂ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿಯೂ ಉತ್ತರಿಸಿದೆ. ಐದು ವರ್ಷಗಳ ಅವಧಿ ಮುಗಿಯುವ ಮುನ್ನ ಚುನಾವಣೆ ನಡೆಯಬೇಕೆಂಬುದು ಸಂವಿಧಾನದ ಆಜ್ಞೆ. ವಿಂಗಡಣೆ ಅದಕ್ಕೆ ಅಡ್ಡಿಯಾಗಬಾರದು.

ಮೀಸಲಾತಿ ನಿಗದಿ

ಗಡಿ ಅಂತಿಮವಾದ ನಂತರ ಮೀಸಲಾತಿಯ ಪ್ರತ್ಯೇಕ ಅಧಿಸೂಚನೆ ಹೊರಡುತ್ತದೆ. ಮೇಲ್ಕಂಡ ಕಲ್ಪಿತ ನಗರಸಭೆಯಲ್ಲಿ ಪರಿಶಿಷ್ಟ ಜಾತಿಯವರು 15,000, ಪರಿಶಿಷ್ಟ ಪಂಗಡದವರು 3,000 ಇದ್ದಾರೆಂದು ಭಾವಿಸಿದರೆ, ಜನಸಂಖ್ಯೆಯ ಪ್ರಮಾಣಕ್ಕನುಗುಣವಾಗಿ ಕ್ರಮವಾಗಿ 5 ಮತ್ತು 1 ಸ್ಥಾನ ಮೀಸಲಾಗುತ್ತವೆ. ಹಿಂದುಳಿದ ವರ್ಗಗಳಿಗೆ ಮೂರನೇ ಒಂದರಷ್ಟು, ಅಂದರೆ 10 ಸ್ಥಾನಗಳವರೆಗೆ ಅವಕಾಶವಿದ್ದರೂ ಒಟ್ಟು ಮೀಸಲಾತಿಯು ಶೇ. 50ನ್ನು ಮೀರುವಂತಿಲ್ಲ. 31ರಲ್ಲಿ ಅರ್ಧವೆಂದರೆ 15. ಅದರಲ್ಲಿ 6 ಕಳೆದರೆ ಉಳಿಯುವುದು 9. ಈ ಒಂಬತ್ತರಲ್ಲಿ ಶೇ. 80ರಷ್ಟು 'ಎ' ಪ್ರವರ್ಗಕ್ಕೂ ಉಳಿದವು 'ಬಿ' ಪ್ರವರ್ಗಕ್ಕೂ ಸಲ್ಲುವುದರಿಂದ 7 ಮತ್ತು 2 ಎಂದಾಗುತ್ತದೆ. ಮಹಿಳೆಯರಿಗೆ ಸಂವಿಧಾನವು ಕನಿಷ್ಠ ಮೂರನೇ ಒಂದರಷ್ಟನ್ನು ವಿಧಿಸಿದ್ದು, ಕರ್ನಾಟಕದಲ್ಲಿ ಇದನ್ನು ಶೇ. 50ರವರೆಗೆ ಹೆಚ್ಚಿಸಲಾಗಿದೆ. ಮಹಿಳಾ ಸ್ಥಾನಗಳು ಪ್ರತ್ಯೇಕ ಗುಂಪಲ್ಲ. ಪ್ರತಿ ಪ್ರವರ್ಗದೊಳಗೂ, ಸಾಮಾನ್ಯ ಸ್ಥಾನಗಳೊಳಗೂ ಅವು ಹಂಚಿಕೆಯಾಗುತ್ತವೆ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸ್ಥಾನಗಳನ್ನು ಆಯಾ ಸಮುದಾಯದ ಪ್ರಮಾಣ ಹೆಚ್ಚಿರುವ ವಾರ್ಡುಗಳಿಂದ ಆರಂಭಿಸಿ ಇಳಿಕೆಯ ಕ್ರಮದಲ್ಲಿ ಗುರುತಿಸಲಾಗುತ್ತದೆ. ಹೀಗಾಗಿ ಗಡಿಯ ರೇಖೆ ಎಲ್ಲಿ ಹಾದುಹೋಗುತ್ತದೆ ಎಂಬುದು ಮೀಸಲಾತಿಯ ಮೇಲೆಯೂ ಪರಿಣಾಮ ಬೀರುತ್ತದೆ. ಒಂದು ಕಾಲೋನಿಯ ಬ್ಲಾಕುಗಳನ್ನು ಎರಡು ವಾರ್ಡುಗಳಿಗೆ ಹಂಚಿದಲ್ಲಿ ಎರಡರಲ್ಲೂ ಪ್ರಮಾಣ ತಗ್ಗಿ, ಮೀಸಲು ಸ್ಥಾನ ಬೇರೆ ಕಡೆಗೆ ಹೋಗಬಹುದು. ಮೀಸಲಾತಿ ಪಟ್ಟಿ ಬಂದ ನಂತರ ಇದನ್ನು ಪ್ರಶ್ನಿಸಿ ಪ್ರಯೋಜನವಿಲ್ಲ; ಗಡಿಯ ಕರಡು ಪ್ರಕಟವಾದಾಗಲೇ ಪರಿಶೀಲಿಸಬೇಕು.

ಮೀಸಲಾತಿ ಮತದಾರರಿಗಲ್ಲ, ಅಭ್ಯರ್ಥಿಗಳಿಗೆ ಮಾತ್ರ. 21 ವರ್ಷ ತುಂಬಿದ, ಆ ಪೌರಸಂಸ್ಥೆಯ ಯಾವುದೇ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ವ್ಯಕ್ತಿಯು, ಇತರ ಅರ್ಹತೆಗಳಿದ್ದಲ್ಲಿ, ಅದೇ ಸಂಸ್ಥೆಯ ಬೇರೊಂದು ವಾರ್ಡಿನಿಂದಲೂ ಸ್ಪರ್ಧಿಸಬಹುದು.

ಆಕ್ಷೇಪಣೆ ಸಲ್ಲಿಸುವ ಬಗೆ

ಕರಡು ಅಧಿಸೂಚನೆಯು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಪ್ರತಿಗಳನ್ನು ಜಿಲ್ಲಾಧಿಕಾರಿಗಳ ಕಚೇರಿ, ತಾಲ್ಲೂಕು ಕಚೇರಿ ಹಾಗೂ ಸಂಬಂಧಪಟ್ಟ ಪೌರಸಂಸ್ಥೆಯ ಕಚೇರಿಯಲ್ಲಿ ನೋಡಬಹುದು. ಆಕ್ಷೇಪಣೆಗಳಿಗೆ ಕೊಡುವ ಗಡುವು ಅಧಿಸೂಚನೆಯಲ್ಲಿಯೇ ನಮೂದಾಗಿರುತ್ತದೆ. ಇದು ಸಾಮಾನ್ಯವಾಗಿ ಅತ್ಯಲ್ಪ. 2022ರಲ್ಲಿ ಬೆಂಗಳೂರಿನ ಕರಡಿಗೆ 15 ದಿನಗಳನ್ನಷ್ಟೇ ನೀಡಲಾಗಿತ್ತು. ಗಡುವಿನ ನಂತರ ಬಂದ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.

ಕರಡಿನಲ್ಲಿ ಮೊದಲು ನೋಡಬೇಕಾದದ್ದು ಚಕ್ಕುಬಂದಿ. ಪ್ರತಿ ವಾರ್ಡಿಗೂ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ದಿಕ್ಕುಗಳ ಗಡಿಯನ್ನು ರಸ್ತೆ, ಕಾಲುವೆ, ಸರ್ವೆ ನಂಬರುಗಳ ಮೂಲಕ ವಿವರಿಸಲಾಗಿರುತ್ತದೆ. ತಮ್ಮ ಮನೆ ಯಾವ ಚಕ್ಕುಬಂದಿಯೊಳಗೆ ಬರುತ್ತದೆ ಎಂಬುದನ್ನು ನಕ್ಷೆಯೊಂದಿಗೆ ತಾಳೆ ನೋಡಬೇಕು. ಒಂದು ಬೀದಿ ಎರಡು ವಾರ್ಡುಗಳಲ್ಲಿ ನಮೂದಾಗಿರುವುದು, ಒಂದು ಬಡಾವಣೆ ಯಾವ ವಾರ್ಡಿನಲ್ಲಿಯೂ ಇಲ್ಲದಿರುವುದು, ಹೆಸರು ಬದಲಾದ ರಸ್ತೆಯನ್ನು ಹಳೆಯ ಹೆಸರಿನಿಂದ ಗುರುತಿಸಿರುವುದು, ಒಂದು ವಾರ್ಡಿನ ಪೂರ್ವದ ಗಡಿಯು ನೆರೆಯ ವಾರ್ಡಿನ ಪಶ್ಚಿಮದ ಗಡಿಗೆ ಹೊಂದದಿರುವುದು, ಇವು ಸರಿಪಡಿಸಲು ಸುಲಭವಾದ ದೋಷಗಳು. ಇಂತಹ ಆಕ್ಷೇಪಣೆಗಳೇ ಹೆಚ್ಚಾಗಿ ಫಲ ನೀಡುತ್ತವೆ.

ಬ್ಲಾಕನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ವರ್ಗಾಯಿಸಬೇಕೆಂಬ ಕೋರಿಕೆಗೆ ಲೆಕ್ಕದ ಬೆಂಬಲ ಬೇಕು. ಹಿಂದಿನ ಉದಾಹರಣೆಯಲ್ಲಿ 12ನೇ ವಾರ್ಡಿನಲ್ಲಿ 2,720, 13ನೇ ವಾರ್ಡಿನಲ್ಲಿ 3,290 ಜನಸಂಖ್ಯೆ ಇದೆಯೆಂದುಕೊಳ್ಳೋಣ. 13ರ ನಿವಾಸಿಗಳು 600 ಜನಸಂಖ್ಯೆಯ ಬ್ಲಾಕನ್ನು 12ಕ್ಕೆ ಸೇರಿಸಲು ಕೋರಿದರೆ, 12ನೇ ವಾರ್ಡು 3,320ಕ್ಕೆ ಏರಿ, 13ನೇ ವಾರ್ಡು 2,690ಕ್ಕೆ ಇಳಿಯುತ್ತದೆ. ಎರಡೂ ಮಿತಿಯ ಹೊರಗೆ. ಅಂತಹ ಕೋರಿಕೆ ಎಷ್ಟೇ ನ್ಯಾಯವಾಗಿ ಕಂಡರೂ ತಿರಸ್ಕೃತವಾಗುತ್ತದೆ. ಅದರ ಬದಲು ಗಡಿಯಲ್ಲಿರುವ 480 ಜನಸಂಖ್ಯೆಯ ಬ್ಲಾಕನ್ನು ಕೋರಿದ್ದಲ್ಲಿ ವಾರ್ಡುಗಳು 3,200 ಮತ್ತು 2,810 ಆಗಿ, ಮೊದಲಿಗಿಂತ ಹೆಚ್ಚು ಸಮಾನವಾಗುತ್ತವೆ. ಆದ್ದರಿಂದ ತಮ್ಮ ವಾರ್ಡಿನ ಜೊತೆಗೆ ನೆರೆಯ ವಾರ್ಡಿನ ಲೆಕ್ಕವನ್ನೂ ಅರ್ಜಿಯಲ್ಲಿ ತೋರಿಸಬೇಕು. ಬ್ಲಾಕುವಾರು ಜನಸಂಖ್ಯೆಯ ಪಟ್ಟಿ ಕಚೇರಿಯಲ್ಲಿ ಲಭ್ಯವಾಗದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ ಕರಡು ಬರುವವರೆಗೆ ಕಾಯದೆ ಮೊದಲೇ ಅರ್ಜಿ ಹಾಕುವುದು ಸೂಕ್ತ.

ಅರ್ಜಿಯಲ್ಲಿ ಹೆಸರು, ವಿಳಾಸ, ಮತದಾರರ ಗುರುತಿನ ಚೀಟಿಯ ಸಂಖ್ಯೆ, ಕರಡಿನಲ್ಲಿನ ವಾರ್ಡ್ ಸಂಖ್ಯೆ ಹಾಗೂ ಹೆಸರು, ಕೋರುವ ಬದಲಾವಣೆ ಮತ್ತು ಕಾರಣ ಇವಿಷ್ಟೂ ಇರಲಿ. ಕೈನಕ್ಷೆ ಲಗತ್ತಿಸಿದಲ್ಲಿ ಅನುಕೂಲ. ಸ್ವೀಕೃತಿ ಪಡೆಯಲು ಮರೆಯಬಾರದು. "ನಮ್ಮ ಹಳೆಯ ಕೌನ್ಸಿಲರೇ ಮುಂದುವರಿಯಬೇಕು" ಎಂಬಂತಹ ಕಾರಣಗಳಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಒಂದೇ ಒಕ್ಕಣೆಯ ನೂರಾರು ಪ್ರತಿಗಳಿಗಿಂತ ಲೆಕ್ಕಸಹಿತವಾದ ಒಂದು ಅರ್ಜಿ ಹೆಚ್ಚು ಪರಿಣಾಮಕಾರಿ.

ನ್ಯಾಯಾಲಯದ ಮೊರೆ ಹೋಗುವ ಬಗ್ಗೆ 243ಜೆಡ್‌ಜಿ ಅನುಚ್ಛೇದವನ್ನು ಗಮನಿಸಬೇಕು. ವಿಂಗಡಣೆ ಮತ್ತು ಸ್ಥಾನ ಹಂಚಿಕೆಗೆ ಸಂಬಂಧಿಸಿದ ಕಾನೂನಿನ ಸಿಂಧುತ್ವವನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸುವಂತಿಲ್ಲ. ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಪ್ರಶ್ನಿಸುವಂತಿಲ್ಲ. ಆದುದರಿಂದ ಆಕ್ಷೇಪಣೆಯ ಹಂತವೇ ನಾಗರಿಕರಿಗೆ ದೊರೆಯುವ ಮುಖ್ಯ ಅವಕಾಶ.

ಗ್ರಾಮ ಪಂಚಾಯಿತಿ ಪ್ರದೇಶದವರಿಗೆ

ಗ್ರಾಮ ಪಂಚಾಯಿತಿಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ ಅನ್ವಯಿಸುತ್ತದೆ. ಅಲ್ಲಿ ಒಂದು ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರು ಆಯ್ಕೆಯಾಗಬಹುದು. ಮತದಾರನಿಗೆ ಸ್ಥಾನಗಳಷ್ಟೇ ಮತಗಳಿದ್ದು, ಒಬ್ಬ ಅಭ್ಯರ್ಥಿಗೆ ಒಂದೇ ಮತ ನೀಡತಕ್ಕದ್ದು. ಗ್ರಾಮವು ನಗರ ವ್ಯಾಪ್ತಿಗೆ ಸೇರಿದಾಗ ಈ ಪದ್ಧತಿ ಕೊನೆಗೊಂಡು, ವಾರ್ಡಿಗೆ ಒಬ್ಬ ಕೌನ್ಸಿಲರ್ ಎಂಬ ನಿಯಮಕ್ಕೆ ಒಳಪಡುತ್ತದೆ.

ಗಡಿ ಬದಲಾದ ನಂತರ ದಾಖಲೆಗಳು

ವಾರ್ಡು ಬದಲಾಯಿತೆಂದು ಖಾತೆಯನ್ನಾಗಲಿ ಕ್ರಯಪತ್ರವನ್ನಾಗಲಿ ಹೊಸದಾಗಿ ಮಾಡಿಸಬೇಕಾಗಿಲ್ಲ. ಆಸ್ತಿಯ ಒಡೆತನಕ್ಕೂ ವಾರ್ಡಿಗೂ ಸಂಬಂಧವಿಲ್ಲ. ಬೆಂಗಳೂರಿನ ಹಳೆಯ ಆಸ್ತಿ ಗುರುತಿನ ಸಂಖ್ಯೆಗಳಲ್ಲಿ ವಾರ್ಡ್ ಸಂಖ್ಯೆಯೂ ಸೇರಿರುವುದರಿಂದ ಗೊಂದಲವಾಗುವುದುಂಟು. ಆ ಸಂಖ್ಯೆ ಆಸ್ತಿಯ ಗುರುತಿಗಾಗಿ ಮಾತ್ರ, ಈಗಿನ ಚುನಾವಣಾ ವಾರ್ಡನ್ನು ಅದು ಸೂಚಿಸುವುದಿಲ್ಲ. ತೆರಿಗೆ ಪಾವತಿಸುವಾಗ ಅದನ್ನು ತಾವಾಗಿಯೇ ಬದಲಿಸಬಾರದು.

ಮತದಾರರ ಗುರುತಿನ ಚೀಟಿಯ ಸಂಖ್ಯೆಯೂ ಬದಲಾಗುವುದಿಲ್ಲ. ಬದಲಾಗುವುದು ವಾರ್ಡುವಾರು ಪಟ್ಟಿಯಲ್ಲಿನ ಕ್ರಮಸಂಖ್ಯೆ ಮತ್ತು ಕೆಲವೊಮ್ಮೆ ಮತಗಟ್ಟೆ. ಸದರಿ ಪಟ್ಟಿಯನ್ನು ವಿಧಾನಸಭಾ ಮತದಾರರ ಪಟ್ಟಿಯಿಂದಲೇ ಸಿದ್ಧಪಡಿಸುವುದರಿಂದ, ಅದರಲ್ಲಿ ಹೆಸರಿಲ್ಲದವರು ವಾರ್ಡಿನ ಪಟ್ಟಿಯಲ್ಲಿಯೂ ಇರುವುದಿಲ್ಲ. ಹೊಸ ಸೇರ್ಪಡೆಗೆ ನಮೂನೆ 6, ವಿಳಾಸ ಬದಲಾವಣೆ ಅಥವಾ ತಿದ್ದುಪಡಿಗೆ ನಮೂನೆ 8 ಸಲ್ಲಿಸತಕ್ಕದ್ದು. ಕರಡು ಪಟ್ಟಿ ಪ್ರಕಟವಾದಾಗ ಕುಟುಂಬದ ಎಲ್ಲರ ಹೆಸರು ಒಂದೇ ವಾರ್ಡಿನಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಗಡಿಯಂಚಿನ ಬೀದಿಗಳಲ್ಲಿ ಒಂದೇ ಮನೆಯವರ ಹೆಸರು ಎರಡು ವಾರ್ಡುಗಳಲ್ಲಿ ಕಂಡುಬರುವುದುಂಟು.

2027ರ ಜನಗಣತಿಯ ನಿಮಿತ್ತ ಆಡಳಿತ ಘಟಕಗಳ ಗಡಿಗಳನ್ನು 2025ರ ಡಿಸೆಂಬರ್ 31ರೊಳಗೆ ಅಂತಿಮಗೊಳಿಸುವಂತೆಯೂ, ನಂತರ ಗಣತಿ ಮುಗಿಯುವವರೆಗೆ ಬದಲಾಯಿಸದಂತೆಯೂ ಭಾರತದ ರಿಜಿಸ್ಟ್ರಾರ್ ಜನರಲ್ ಅವರು ರಾಜ್ಯಗಳಿಗೆ ಸೂಚಿಸಿದ್ದರು. ಆ ಗಣತಿಯ ಅಂಕಿಅಂಶಗಳು ಪ್ರಕಟವಾದ ನಂತರ ಕೈಗೊಳ್ಳುವ ವಿಂಗಡಣೆಗಳಿಗೆ 2011ರ ಸಂಖ್ಯೆಗಳ ಬದಲು ಹೊಸ ಸಂಖ್ಯೆಗಳು ಆಧಾರವಾಗುತ್ತವೆ. ಗಣತಿದಾರರು ಮನೆಗೆ ಬಂದಾಗ ಮನೆಯಲ್ಲಿರುವ ಎಲ್ಲರ ವಿವರವನ್ನೂ ನೀಡುವುದು, ಬಾಡಿಗೆದಾರರೂ ಎಣಿಕೆಗೆ ಸೇರಿರುವುದನ್ನು ಖಚಿತಪಡಿಸಿಕೊಳ್ಳುವುದು ಈ ದೃಷ್ಟಿಯಿಂದಲೂ ಅಗತ್ಯ.